ಕೋವಿಯ ಮರದಲ್ಲಿ ಹುಲಿಪಟ್ಟೆ



ಸಂಗೀತ ಕಛೇರಿಗೆ ಹೋದಾಗ ನಿಮ್ಮ ಕಣ್ಣು ಪಿಟೀಲಿನ ಯಾವ ಭಾಗದ ಮೇಲಿರುತ್ತದೆ? ತಂತಿಗಳ ಮೇಲೆ, ಕಮಾನಿನ ಮೇಲೆ, ವಾದಕರ ಬೆರಳುಗಳ ಮೇಲೆ. ಮುಂದಿನ ಸಲ ಅವಕಾಶ ಸಿಕ್ಕರೆ ಆ ಪಿಟೀಲಿನ ಬೆನ್ನನ್ನು ನೋಡಿ. ಒಳ್ಳೆಯ ಪಿಟೀಲಾದರೆ ಬೆನ್ನಿನ ಉದ್ದಕ್ಕೂ ಅಡ್ಡಡ್ಡವಾಗಿ ಒಂದು ಕಪ್ಪು, ಒಂದು ಬಿಳುಪು ಎಂಬಂತೆ ಪಟ್ಟೆಗಳು ಕಾಣುತ್ತವೆ. ಅವನ್ನು ಯಾರೂ ಕುಂಚದಿಂದ ಬರೆದಿಲ್ಲ. ಅವು ಮೇಪಲ್ ಎಂಬ ಮರದ ಒಳಗೇ ಇದ್ದವು. ಇದೇ ಪಟ್ಟೆಯ ಮರವನ್ನು ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಕಮ್ಮಾರರು ಇನ್ನೊಂದು ಕೆಲಸಕ್ಕೆ ಬಳಸಿದರು. ಅವರು ಅದನ್ನು ರೈಫಲ್‌ಗಳಿಗೆ ಜೋಡಿಸಿದರು. ಪಿಟೀಲಿನ ಬೆನ್ನಿನಲ್ಲಿದ್ದಾಗ ಇದಕ್ಕೆ ‘ಫಿಡಲ್‌ಬ್ಯಾಕ್’ ಎಂಬ ಹೆಸರು. ಕೋವಿಯ ಮೇಲಿದ್ದಾಗ ‘ಟೈಗರ್ ಸ್ಟ್ರೈಪ್’, ಅಂದರೆ ಹುಲಿಪಟ್ಟೆ.

ಹಳೆಯ ರೈಫಲ್‌ಗಳ ಮರದಲ್ಲಿ ಕಾಣುವ ಇಂಥ ಚಿತ್ತಾರಗಳನ್ನು ಗುರುತಿಸುವುದು ಹೇಗೆ, ಅವುಗಳ ಬೆಲೆ ಕಟ್ಟುವುದು ಹೇಗೆ ಎಂಬುದೇ ಈ ಸಲದ ನಮ್ಮ ವಿಷಯ. ಬಂದೂಕಿನ ಮರದಲ್ಲಿ ಇತಿಹಾಸವೇನಿದೆ ಎಂದು ನೀವು ಕೇಳಬಹುದು. ನನಗೂ ಒಂದು ಕಾಲದಲ್ಲಿ ಅದು ತಿಳಿದಿರಲಿಲ್ಲ. ತಿಳಿಯದೆ ನಾನು ಮಾಡಿದ ತಪ್ಪಿನಿಂದಲೇ ಆರಂಭಿಸುತ್ತೇನೆ.

ಬಿ.ಎಸ್ಸಿ. ಓದುತ್ತಿದ್ದಾಗ ನಾನು ಎನ್.ಸಿ.ಸಿ.ಯಲ್ಲಿದ್ದೆ. ಕವಾಯತಿಗೆ ನಮಗೆ ಕೊಡುತ್ತಿದ್ದುದು ಹಳೆಯ ‘ತ್ರೀ ನಾಟ್ ತ್ರೀ’ ರೈಫಲ್‌ಗಳನ್ನು. ಒಂದು ಶಿಬಿರದಲ್ಲಿ ನನ್ನ ಪಾಲಿಗೆ ಬಂದ ರೈಫಲ್ಲಿನ ಮರದಲ್ಲಿ, ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ, ಕೆರೆಯ ನೀರಿನ ಮೇಲಿನ ಅಲೆಗಳಂತೆ ಪಟ್ಟೆಗಳು ಮೂಡುತ್ತಿದ್ದವು. ಉಳಿದವರ ರೈಫಲ್‌ಗಳೆಲ್ಲ ಬರಿಯ ಕಂದು. “ಇದು ಯಾವನೋ ಬಿಳಿಯ ದೊರೆಗೆ ಅಂತ ಮಾಡಿಸಿದ್ದು ಕಣೋ” ಎಂದ ಗೆಳೆಯನೊಬ್ಬ. ನಾನು ನಂಬಿದೆ. ಪಟ್ಟೆಗಳು ಇನ್ನಷ್ಟು ಹೊಳೆಯಲಿ ಎಂದು ಒಂದು ಸಂಜೆ ಮರಳುಕಾಗದ ತಂದು ಉಜ್ಜತೊಡಗಿದೆ. ಹವಾಲ್ದಾರರು ಬಂದು ನೋಡುವ ಹೊತ್ತಿಗೆ ಅಂಗೈಯಗಲದ ಜಾಗ ಬಿಳಿಚಿಕೊಂಡಿತ್ತು. ಅಲ್ಲಿ ಒತ್ತಿದ್ದ ಮುದ್ರೆಯೊಂದು ಅರ್ಧಕ್ಕರ್ಧ ಅಳಿಸಿಹೋಗಿತ್ತು. ಅವರು ಬೈದದ್ದು ಈಗ ಮರೆತಿದೆ. ಆಮೇಲೆ ಕೇಳಿದ ಪ್ರಶ್ನೆ ಮಾತ್ರ ನೆನಪಿದೆ: “ಅದರಲ್ಲಿ ಏನು ಬರೆದಿತ್ತು, ಓದಿದ್ದೆಯಾ?”

ನಾನು ಓದಿರಲಿಲ್ಲ.

ಕೋವಿಗೆ ಮರವೇಕೆ?

ರೈಫಲ್ಲಿನ ಲೋಹದ ಭಾಗಗಳನ್ನು ಹೊತ್ತಿರುವ ಮರಕ್ಕೆ ಸ್ಟಾಕ್ ಎಂದು ಹೆಸರು. ಇದರಲ್ಲಿ ಮೂರು ಭಾಗಗಳನ್ನು ನೀವು ಗುರುತಿಸಿಕೊಳ್ಳಬೇಕು. ಭುಜಕ್ಕೆ ಒರಗುವ ಅಗಲವಾದ ಭಾಗವನ್ನು ಬುಡ ಎನ್ನೋಣ. ನಳಿಗೆಯ ಕೆಳಗೆ ಉದ್ದಕ್ಕೆ ಸಾಗುವುದು ಮುಂಭಾಗ. ಇವೆರಡರ ನಡುವೆ, ಬಲಗೈಯ ಹಿಡಿತಕ್ಕೆ ಸಿಗುವಂತೆ ಸಣ್ಣಗೆ ಕಡೆದ ಜಾಗವನ್ನು ಕತ್ತು ಎನ್ನೋಣ.

ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಆ ಒದೆತವೆಲ್ಲ ಮರದ ಮೂಲಕ ಹಾದು ಭುಜಕ್ಕೆ ತಲುಪಬೇಕು. ಅತ್ಯಂತ ಸಣ್ಣಗಿರುವ ಕತ್ತಿನ ಮೇಲೆ ಬೀಳುವ ಒತ್ತಡ ಸಣ್ಣದಲ್ಲ. ಸೌದೆ ಒಡೆದವರಿಗೆ ಗೊತ್ತು: ನಾರಿನ ಉದ್ದಕ್ಕೆ ಕೊಡಲಿ ಬಿದ್ದರೆ ಮರ ಸುಲಭವಾಗಿ ಸೀಳುತ್ತದೆ; ಅಡ್ಡಕ್ಕೆ ಬಿದ್ದರೆ ಕೊಡಲಿಯೇ ಹಿಂದಕ್ಕೆ ಪುಟಿಯುತ್ತದೆ. ಮರವನ್ನು ನಾರಿನ ಉದ್ದಕ್ಕೆ ಜಗ್ಗಿದಾಗ ಅದು ತೋರುವ ಬಲದಲ್ಲಿ ಹತ್ತರಲ್ಲೊಂದು ಪಾಲೂ ನಾರಿಗೆ ಅಡ್ಡವಾಗಿ ಜಗ್ಗಿದಾಗ ಇರುವುದಿಲ್ಲ. ಆದ್ದರಿಂದ ಕತ್ತಿನಲ್ಲಿ ನಾರು ನೇರವಾಗಿ, ಉದ್ದಕ್ಕೆ ಸಾಗಬೇಕು. ಅದು ಓರೆಯಾಗಿ ಹೊರಳಿ ಪಕ್ಕಕ್ಕೆ ಹೊರಟುಹೋದರೆ ಸ್ಟಾಕು ಒಂದಲ್ಲ ಒಂದು ದಿನ ಅಲ್ಲಿಯೇ ಬಿರಿಯುತ್ತದೆ.

ಇನ್ನೊಂದು ತೊಂದರೆ ನೀರಿನದು. ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಿಮ್ಮ ಮನೆಯ ಬಾಗಿಲು ಆಷಾಢದಲ್ಲಿ ಬಿಗಿಯಾಗುವುದನ್ನು ನೆನಪಿಸಿಕೊಳ್ಳಿ. ಸ್ಟಾಕು ಹೀಗೆ ಸೊಟ್ಟಗಾಗಿ ನಳಿಗೆಯನ್ನು ಪಕ್ಕಕ್ಕೆ ಒತ್ತಿದರೆ ಗುರಿ ತಪ್ಪುತ್ತದೆ. ಹೀಗಾಗಿ ಕೋವಿಯ ಮರ ಬಲವಾಗಿರಬೇಕು, ಬಹಳ ಭಾರವಿರಬಾರದು, ಉಳಿಗೆ ಸಿಗಬೇಕು, ಹವೆ ಬದಲಾದಾಗ ಕದಲಬಾರದು. ಇವೆಲ್ಲ ಗುಣ ಒಟ್ಟಾಗಿ ಸಿಕ್ಕಿದ್ದು ಅಕ್ರೋಟಿನ ಮರದಲ್ಲಿ. ಅದರ ತೂಕ ಹೆಚ್ಚುಕಡಿಮೆ ನಮ್ಮ ತೇಗದಷ್ಟೇ: ಒಂದು ಘನ ಮೀಟರಿಗೆ 600ರಿಂದ 650 ಕಿಲೋಗ್ರಾಂ. ನಮ್ಮ ಬೀಟೆಯಾದರೋ 800 ಕಿಲೋಗ್ರಾಂ ದಾಟುತ್ತದೆ. ಬೀಟೆಯ ರೈಫಲ್ ಹೊತ್ತು ಹತ್ತು ಮೈಲಿ ನಡೆಯುವ ಸಿಪಾಯಿಯ ಪಾಡನ್ನು ಊಹಿಸಿಕೊಳ್ಳಿ!

ಚಿತ್ತಾರ ಹುಟ್ಟುವ ಬಗೆ

ಈಗ ಮರದ ಒಳಗೆ ಇಣುಕೋಣ. ಮರದ ನಾರು ಎಂದರೆ ಉದ್ದನೆಯ ಜೀವಕೋಶಗಳ ಸಾಲು. ಸಾಮಾನ್ಯವಾಗಿ ಇವು ಕಾಂಡದ ಉದ್ದಕ್ಕೆ ನೇರವಾಗಿ ನಿಂತಿರುತ್ತವೆ. ಕೆಲವು ಮರಗಳಲ್ಲಿ ಮಾತ್ರ ಅವು ಅಲೆಅಲೆಯಾಗಿ, ಹಾವು ಹರಿದಂತೆ ಬೆಳೆಯುತ್ತವೆ. ಇಂಥ ಮರವನ್ನು ಗರಗಸದಿಂದ ಕೊಯ್ದು ನುಣ್ಣಗೆ ಮಾಡಿದಾಗ ಏನಾಗುತ್ತದೆ? ಅಲೆಯ ಏರಿನಲ್ಲಿ ಕೋಶಗಳ ಬಾಯಿ ಮೇಲ್ಮೈಗೆ ತೆರೆದುಕೊಳ್ಳುತ್ತದೆ. ಅಲ್ಲಿ ಬೆಳಕು ಒಳಗೆ ಹೋಗಿ ಕಪ್ಪಾಗಿ ಕಾಣುತ್ತದೆ. ಪಕ್ಕದಲ್ಲಿ ಕೋಶದ ಗೋಡೆಗಳು ಮಲಗಿರುತ್ತವೆ. ಅಲ್ಲಿ ಬೆಳಕು ಕನ್ನಡಿಯಿಂದ ಬಂದಂತೆ ಮರಳಿ ಬರುತ್ತದೆ. ಇದೇ ಪಟ್ಟೆಯ ಗುಟ್ಟು. ಪಟ್ಟೆಗಳು ಯಾವಾಗಲೂ ನಾರಿಗೆ ಅಡ್ಡವಾಗಿರುತ್ತವೆ ಎಂಬುದನ್ನು ಮರೆಯಬೇಡಿ.

ಬೆಳಕಿನ ದಿಕ್ಕು ಬದಲಾದರೆ ಕಪ್ಪು ಪಟ್ಟೆ ಬೆಳ್ಳಗಾಗುತ್ತದೆ, ಬಿಳಿಯದು ಕಪ್ಪಾಗುತ್ತದೆ. ಮಖಮಲ್ಲಿನ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಕೈಯಾಡಿಸಿದಂತೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಸ್ಟುಡಿಯೋದಲ್ಲಿ ಸೆಟ್ ಹಾಕುವ ಮೇಸ್ತ್ರಿ ತೋರಿಸಿಕೊಟ್ಟರು. ಚಿತ್ರೀಕರಣಕ್ಕೆಂದು ತಂದಿದ್ದ ಪಟ್ಟೆಯ ಹಲಗೆಯೊಂದನ್ನು ನಾನು ಮೆಚ್ಚಿಕೊಂಡು ನೋಡುತ್ತಿದ್ದೆ. ಅವರು ದೀಪವನ್ನು ಎಡದಿಂದ ಬಲಕ್ಕೆ ಸರಿಸಿ, “ನೋಡಿ ಸಾರ್, ಇದು ಕದಲ್ತಾ ಇಲ್ಲ. ಬಣ್ಣ ಬಳಿದವರೆ” ಎಂದರು. ಪಕ್ಕದಲ್ಲಿ ಒಂದು ಹಳೆಯ ಪಿಟೀಲನ್ನು ಹಿಡಿದಾಗ ಅದರ ಬೆನ್ನಿನ ಪಟ್ಟೆಗಳು ದೀಪದ ಜೊತೆಗೇ ಸರಿದವು. ನಾನು ವಿಜ್ಞಾನದ ಪದವೀಧರ. ಪ್ರಯೋಗ ಮಾಡಿದವರು ಅವರು.

ಹುಲಿಪಟ್ಟೆಯಲ್ಲದೆ ಬೇರೆ ಚಿತ್ತಾರಗಳೂ ಇವೆ. ಮುಖ್ಯವಾದ ನಾಲ್ಕನ್ನು ತಿಳಿದುಕೊಳ್ಳಿ.

ಒಂದು, ಹಕ್ಕಿಕಣ್ಣು. ಸಣ್ಣ ಸಣ್ಣ ಗುಳಿಗಳ ಸುತ್ತ ನಾರು ಸುತ್ತಿಕೊಂಡು ಕಣ್ಣಿನಂತೆ ಕಾಣುತ್ತದೆ. ಮೇಪಲ್ಲಿನಲ್ಲಿ ಹೆಚ್ಚು.

ಎರಡು, ಕವಲಿನ ಚಿತ್ತಾರ. ಕಾಂಡ ಎರಡಾಗಿ ಒಡೆಯುವ ಜಾಗದಲ್ಲಿ ನಾರುಗಳು ಒಂದರೊಳಗೊಂದು ಹೆಣೆದುಕೊಂಡು, ಕೊಯ್ದಾಗ ಹಕ್ಕಿಯ ಗರಿಯಂತೆ ಅಥವಾ ಉರಿಯ ನಾಲಗೆಯಂತೆ ಹರಡುತ್ತವೆ. ಅಕ್ರೋಟಿನಲ್ಲಿ ಇದು ಬಹಳ ಚೆನ್ನ.

ಮೂರು, ಗಂಟಿನ ಚಿತ್ತಾರ. ಕಾಂಡದ ಮೇಲೆ ಗಡ್ಡೆಯಂತೆ ಉಬ್ಬಿದ ಭಾಗದಲ್ಲಿ ಚಿಗುರದೆ ಉಳಿದ ಮೊಗ್ಗುಗಳ ಸುತ್ತ ನಾರು ದಿಕ್ಕೆಟ್ಟು ಸುತ್ತುತ್ತದೆ.

ನಾಲ್ಕು, ಬುಡದ ಚಿತ್ತಾರ. ಬೇರು ಹರಡುವ ಜಾಗದಲ್ಲಿ ಇಡೀ ಮರದ ಭಾರಕ್ಕೆ ನಾರು ಬಾಗಿ, ಸುಕ್ಕುಗಟ್ಟಿದಂತೆ ಬೆಳೆದಿರುತ್ತದೆ. ಒಳ್ಳೆಯ ಅಕ್ರೋಟಿನ ಸ್ಟಾಕುಗಳನ್ನು ಬಯಸುವವರು ಮರವನ್ನು ನೆಲದ ಮಟ್ಟಕ್ಕೆ ಕಡಿಯದೆ ಬೇರುಸಹಿತ ಅಗೆದು ತೆಗೆಸುತ್ತಿದ್ದುದು ಇದಕ್ಕಾಗಿಯೇ.

ಇವುಗಳ ಜೊತೆಗೆ ಅಕ್ರೋಟಿನ ಚೇಗಿನಲ್ಲಿ ಮಸಿಗೆರೆ ಎಳೆದಂತೆ ಕಪ್ಪು ರೇಖೆಗಳಿರುತ್ತವೆ. ಅದು ಬಣ್ಣದ ಭೇದವೇ ಹೊರತು ನಾರಿನ ತಿರುವಲ್ಲ. ದೀಪ ಸರಿಸಿದರೆ ಅದು ಕದಲುವುದಿಲ್ಲ. ಹಾಗೆಂದು ಅದು ನಕಲಿಯೂ ಅಲ್ಲ. ದೀಪದ ಪರೀಕ್ಷೆ ಅಲೆಪಟ್ಟೆಗೆ ಮಾತ್ರ ಸಲ್ಲುತ್ತದೆ.

ಪೆನ್ಸಿಲ್ವೇನಿಯಾದ ಕಮ್ಮಾರರು

ಹುಲಿಪಟ್ಟೆ ಕೋವಿಯ ಮೇಲೆ ಬಂದದ್ದು ಹೇಗೆ? 18ನೇ ಶತಮಾನದಲ್ಲಿ ಜರ್ಮನಿ, ಸ್ವಿಟ್ಜರ್‌ಲೆಂಡುಗಳಿಂದ ವಲಸೆ ಬಂದ ಕೋವಿ ಕೆಲಸಗಾರರು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಮುಖ್ಯವಾಗಿ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದರು. ಅವರು ತಂದ ತಿಳುವಳಿಕೆ ‘ಯೇಗರ್’ ಎಂಬ ಬೇಟೆ ರೈಫಲ್ಲಿನದು. ಅದರ ನಳಿಗೆ ಗಿಡ್ಡ, ಗುಂಡು ದಪ್ಪ, ಮರ ಹೆಚ್ಚಾಗಿ ಅಕ್ರೋಟು. ಹೊಸ ನಾಡಿನ ಕಾಡುಗಳಲ್ಲಿ ದಿನಗಟ್ಟಲೆ ಅಲೆಯುವ ಬೇಟೆಗಾರನಿಗೆ ಮದ್ದು, ಸೀಸ ಎರಡನ್ನೂ ಉಳಿಸುವ ಕೋವಿ ಬೇಕಿತ್ತು. ಗುಂಡು ಸಣ್ಣದಾಯಿತು, ನಳಿಗೆ 40 ಅಂಗುಲಕ್ಕೂ ಉದ್ದವಾಯಿತು. ಮರವೂ ಬದಲಾಯಿತು. ಸುತ್ತಲಿನ ಕಾಡಿನಲ್ಲಿ ಹೇರಳವಾಗಿದ್ದ ಮೇಪಲ್ಲನ್ನು ಅವರು ಕೈಗೆತ್ತಿಕೊಂಡರು. ಅಕ್ರೋಟು, ಚೆರ್ರಿ ಮರಗಳನ್ನೂ ಬಳಸಿದ್ದುಂಟು. ಆದರೆ ಹೆಸರಾದದ್ದು ಅಲೆನಾರಿನ ಮೇಪಲ್.

ಜೇಕಬ್ ಡಿಕರ್ಟ್ (1740–1822) ಇವರಲ್ಲಿ ಪ್ರಸಿದ್ಧ. ಜರ್ಮನಿಯಲ್ಲಿ ಹುಟ್ಟಿ ಲ್ಯಾಂಕಾಸ್ಟರಿನಲ್ಲಿ ಕೋವಿ ಮಾಡಿದವನು. 1775ರ ಜೂನ್ 14ರಂದು ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್ ಹತ್ತು ರೈಫಲ್ ತುಕಡಿಗಳನ್ನು ಕಟ್ಟಲು ನಿರ್ಣಯಿಸಿದಾಗ ಅವುಗಳಲ್ಲಿ ಆರು ಪೆನ್ಸಿಲ್ವೇನಿಯಾದವು, ಎರಡು ಮೇರಿಲ್ಯಾಂಡಿನವು, ಎರಡು ವರ್ಜೀನಿಯಾದವು. ಅವರ ಕೈಯಲ್ಲಿದ್ದುದು ಇಂಥ ಉದ್ದ ರೈಫಲ್‌ಗಳೇ. ಸೈನ್ಯದ ಸಾಮಾನ್ಯ ಮಸ್ಕೆಟ್ಟಿಗಿಂತ ಇವುಗಳ ಗುರಿ ಚೊಕ್ಕ. ಆದರೆ ಮದ್ದು ತುಂಬಲು ಹೆಚ್ಚು ಹೊತ್ತು ಬೇಕು, ಬಯೊನೆಟ್ ಸಿಕ್ಕಿಸಲು ಬಾರದು. ಯುದ್ಧ ಮುಗಿದ ಮೇಲಿನ ದಶಕಗಳಲ್ಲಿಯೇ ಕೆತ್ತನೆ, ಹಿತ್ತಾಳೆಯ ಅಲಂಕಾರ, ಹುಲಿಪಟ್ಟೆ ಎಲ್ಲವೂ ಕೂಡಿದ ಚೆಲುವಾದ ಕೋವಿಗಳು ಹೆಚ್ಚಾಗಿ ತಯಾರಾದವು.

ಮೇಪಲ್ ಸ್ವಭಾವತಃ ಬೆಳ್ಳಗಿನ ಮರ. ಪಟ್ಟೆ ಎದ್ದು ಕಾಣುವಂತೆ ಮಾಡಲು ಅವರು ಬಳಸಿದ ವಿಧಾನ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇಷ್ಟವಾದೀತು. ನೈಟ್ರಿಕ್ ಆಮ್ಲದಲ್ಲಿ ಕಬ್ಬಿಣದ ಚೂರುಗಳನ್ನು ಕರಗಿಸಿ, ಆ ದ್ರಾವಣವನ್ನು ಮರಕ್ಕೆ ಹಚ್ಚಿ, ಕೆಂಡದಂತೆ ಕಾದ ಕಬ್ಬಿಣವನ್ನು ಹತ್ತಿರ ಹಿಡಿಯುತ್ತಿದ್ದರು. ಕಾವಿಗೆ ಮರ ಕೆಂಗಂದು ಬಣ್ಣಕ್ಕೆ ತಿರುಗುತ್ತಿತ್ತು. ಕೋಶಗಳ ಬಾಯಿ ತೆರೆದಿರುವಲ್ಲಿ ದ್ರಾವಣ ಹೆಚ್ಚು ಇಳಿದು ಹೆಚ್ಚು ಕಪ್ಪಾಗುತ್ತಿತ್ತು. ಪಟ್ಟೆ ಮರದ್ದು, ಕಮ್ಮಾರ ಅದನ್ನು ಎತ್ತಿ ತೋರಿಸಿದ, ಅಷ್ಟೆ.

ಪಟ್ಟೆಗೆ ಬೆಲೆ ಬಂದಾಗ ನಕಲಿಯೂ ಬಂತು. ಸಾದಾ ಮೇಪಲ್ಲಿನ ಮೇಲೆ ಕುಂಚದಿಂದ ಪಟ್ಟೆ ಎಳೆಯುವುದು, ಡಾಂಬರು ಹಚ್ಚಿದ ಹುರಿಯನ್ನು ಸುತ್ತಿ ಬೆಂಕಿ ಕೊಟ್ಟು ಸುಟ್ಟ ಗೆರೆ ಮೂಡಿಸುವುದು ಇವೆಲ್ಲ 19ನೇ ಶತಮಾನದಲ್ಲಿ ನಡೆದಿವೆ. ಇಂದು ಆ ಕೃತಕ ಪಟ್ಟೆಯ ಹಳೆಯ ಕೋವಿಯೂ ಇತಿಹಾಸದ ವಸ್ತುವೇ. ಅದನ್ನು ಸಹಜಪಟ್ಟೆ ಎಂದು ಮಾರುವುದಷ್ಟೇ ಮೋಸ.

ಯಾವ ಮರ ಎಂದು ತಿಳಿಯುವುದು ಹೇಗೆ?

ಬಣ್ಣವನ್ನು ನಂಬಬೇಡಿ. ಇದು ಮೊದಲ ಪಾಠ. ಬಣ್ಣವನ್ನು ಯಾರು ಬೇಕಾದರೂ ಹಚ್ಚಬಹುದು. ಅಗಸೆ ಎಣ್ಣೆಯೂ ವರ್ಷ ಕಳೆದಂತೆ ಮರವನ್ನು ಕಪ್ಪಾಗಿಸುತ್ತದೆ. ಭೂತಗನ್ನಡಿ ಹಿಡಿದು ರಂಧ್ರಗಳನ್ನೂ ಕಿರಣಗಳನ್ನೂ ಹುಡುಕಿ. ನೀರು ಸಾಗಿಸುವ ನಾಳಗಳು ಕೊಯ್ದಾಗ ರಂಧ್ರಗಳಾಗಿ ಕಾಣುತ್ತವೆ. ತಿರುಳಿನ ಕಡೆಯಿಂದ ತೊಗಟೆಯ ಕಡೆಗೆ ಸಾಗುವ ಕೋಶಗಳ ಪಟ್ಟಿಗಳಿಗೆ ಕಿರಣಗಳೆಂದು ಹೆಸರು.

ಅಕ್ರೋಟಿನಲ್ಲಿ ರಂಧ್ರಗಳು ಬರಿಗಣ್ಣಿಗೇ ಸಣ್ಣ ಕಪ್ಪು ಗೀರುಗಳಂತೆ ಕಾಣುತ್ತವೆ. ಯುರೋಪಿನಿಂದ ಕಾಶ್ಮೀರದವರೆಗೆ ಬೆಳೆಯುವ ಅಕ್ರೋಟು ತುಸು ಬೂದುಗಂದು, ನಡುವೆ ಮಸಿಗೆರೆ. ಅಮೆರಿಕದ ಕಪ್ಪು ಅಕ್ರೋಟು ಹೆಚ್ಚು ಗಾಢ, ಕೆಲವೊಮ್ಮೆ ನೇರಳೆಯ ಛಾಯೆ. ಮೇಪಲ್ಲಿನಲ್ಲಿ ರಂಧ್ರಗಳು ಬರಿಗಣ್ಣಿಗೆ ಕಾಣಿಸವು ಎನ್ನುವಷ್ಟು ಸಣ್ಣ. ಮೇಲ್ಮೈ ದಂತದಂತೆ ನುಣುಪು. ಬೀಚ್ ಮರವನ್ನು ಗುರುತಿಸುವುದು ಅತಿ ಸುಲಭ: ಅದರ ಮೇಲ್ಮೈಯಲ್ಲೆಲ್ಲ ರಾಗಿ ಚೆಲ್ಲಿದಂತೆ ಕಂದು ಚುಕ್ಕೆಗೀರುಗಳು ಹರಡಿರುತ್ತವೆ. ಅವು ಅದರ ದಪ್ಪ ಕಿರಣಗಳ ತುದಿಗಳು. ಬರ್ಚ್ ಮೇಪಲ್ಲಿನಂತೆಯೇ ಬಿಳುಪು, ನುಣುಪು. ಅದರಲ್ಲೂ ಅಲೆಪಟ್ಟೆ ಬರುತ್ತದೆ. ಹಿಮಾಲಯದ ಭೂರ್ಜ ಇದೇ ಕುಲದ ಮರ. ಅದರ ತೊಗಟೆಯ ಮೇಲೆ ನಮ್ಮ ಹಿಂದಿನವರು ಗ್ರಂಥಗಳನ್ನು ಬರೆಯುತ್ತಿದ್ದುದನ್ನು ನೀವು ಪಾಠದಲ್ಲಿ ಓದಿರುತ್ತೀರಿ.

ಯುದ್ಧಗಳು ಮರ ಬದಲಿಸಿದ್ದು

ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ರೈಫಲ್ ತಯಾರಾಗತೊಡಗಿದಾಗ ಮರದ ಆಯ್ಕೆ ಕಮ್ಮಾರನ ಕೈಯಿಂದ ಸರಕಾರದ ಕೈಗೆ ಹೋಯಿತು. ಸಿಪಾಯಿಯ ರೈಫಲ್ಲಿಗೆ ಮರ ಆರಿಸುವ ಪರೀಕ್ಷಕರು ಚಿತ್ತಾರ ಹುಡುಕುತ್ತಿರಲಿಲ್ಲ. ಅವರಿಗೆ ಬೇಕಿದ್ದುದು ನೇರವಾದ ನಾರು, ಗಂಟಿಲ್ಲದ ಮರ. ಆದ್ದರಿಂದ ಸೈನ್ಯದ ರೈಫಲ್ಲಿನಲ್ಲಿ ಪಟ್ಟೆ ಕಂಡರೆ ಅದು ಆಕಸ್ಮಿಕ. ಯಾವ ದೊರೆಯ ಗುರುತೂ ಅಲ್ಲ. ನನ್ನ ಗೆಳೆಯನ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಆದರೆ ಸಾದಾ ಮರವೂ ಕಥೆ ಹೇಳುತ್ತದೆ. ಅಕ್ರೋಟಿನ ಮರ ದಪ್ಪವಾಗಿ ಬೆಳೆಯಲು ಹಲವು ದಶಕ ಬೇಕು. ಯುದ್ಧಕ್ಕೆ ಅಷ್ಟು ತಾಳ್ಮೆಯಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಸ್ಟಾಕುಗಳಿಗೂ ವಿಮಾನದ ಪ್ರೊಪೆಲರುಗಳಿಗೂ ಅಕ್ರೋಟು ಸಾಲದಾಯಿತು. 1918ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಬಾಯ್ ಸ್ಕೌಟುಗಳಿಗೆ ಕರೆ ಕೊಟ್ಟರು: ನಿಮ್ಮ ಊರಿನ ಕಪ್ಪು ಅಕ್ರೋಟಿನ ಮರಗಳನ್ನು ಹುಡುಕಿ, ಪಟ್ಟಿ ಮಾಡಿ ಕೊಡಿ ಎಂದು. ನಿಮ್ಮದೇ ವಯಸ್ಸಿನ ಹುಡುಗರು ಹೊಲದ ಬದು, ಮನೆಯ ಹಿತ್ತಲು ಸುತ್ತಿ ಮರಗಳನ್ನು ಎಣಿಸಿದರು.

ಜರ್ಮನರ ಮೌಸರ್ ರೈಫಲ್ಲಿನಲ್ಲಿಯೂ ಇದೇ ಕಥೆ. ಆರಂಭದಲ್ಲಿ ಅಕ್ರೋಟು, ಮೊದಲನೆಯ ಯುದ್ಧದ ಕೊರತೆಯಲ್ಲಿ ಬೀಚ್ ಬಂತು. ಬೀಚ್ ಗಟ್ಟಿ, ಆದರೆ ಹಸಿಯಿಂದ ಪೂರ್ತಿ ಒಣಗುವಾಗ ವಾರ್ಷಿಕ ಉಂಗುರಗಳ ದಿಕ್ಕಿನಲ್ಲಿ ಶೇಕಡಾ 11ಕ್ಕೂ ಹೆಚ್ಚು ಕುಗ್ಗುತ್ತದೆ; ಕಪ್ಪು ಅಕ್ರೋಟು ಕುಗ್ಗುವುದು ಶೇಕಡಾ 8ರ ಆಸುಪಾಸು. ಹೀಗೆ ಕದಲುವ ಮರಕ್ಕೆ ಪರಿಹಾರವಾಗಿ 1930ರ ದಶಕದ ಕೊನೆಯಲ್ಲಿ ಅವರು ತೆಳುವಾದ ಬೀಚ್ ಹಾಳೆಗಳನ್ನು ರಾಳದ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ ಸ್ಟಾಕು ಕಡೆಯತೊಡಗಿದರು. ಇದರಲ್ಲೂ ಪಟ್ಟೆಗಳು ಕಾಣುತ್ತವೆ, ಮೋಸಹೋಗಬೇಡಿ. ಹುಲಿಪಟ್ಟೆ ಸ್ಟಾಕಿನ ಉದ್ದಕ್ಕೆ ಅಡ್ಡವಾಗಿರುತ್ತದೆ, ಹಾಳೆಗಳ ಗೆರೆ ಸ್ಟಾಕಿನ ಉದ್ದಕ್ಕೇ ಓಡುತ್ತದೆ. ರಷ್ಯಾದ ಮೊಸಿನ್ ರೈಫಲ್‌ಗಳಲ್ಲಿಯೂ ಫಿನ್ಲೆಂಡಿನವುಗಳಲ್ಲಿಯೂ ನಿಮಗೆ ಕಾಣುವುದು ಉತ್ತರದ ಕಾಡುಗಳ ಬರ್ಚ್.

ನಮ್ಮ ತ್ರೀ ನಾಟ್ ತ್ರೀ, ಅಂದರೆ ಲೀ ಎನ್‌ಫೀಲ್ಡ್, ಸಾಮ್ರಾಜ್ಯದ ಭೂಪಟವನ್ನೇ ಮೈಮೇಲೆ ಹೊತ್ತಿದೆ. ಮೂಲತಃ ಅದಕ್ಕೆ ಅಕ್ರೋಟು. ಎರಡನೆಯ ಯುದ್ಧದ ಕಾಲದ ರೈಫಲ್‌ಗಳಲ್ಲಿ ಬೀಚ್, ಬರ್ಚ್‌ಗಳೂ ಸೇರಿದವು. ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆ ತನ್ನ ನಾಡಿನ ಕೋಚ್‌ವುಡ್ಡನ್ನೂ ‘ಕ್ವೀನ್ಸ್‌ಲೆಂಡ್ ಮೇಪಲ್’ ಎಂಬುದನ್ನೂ ಬಳಸಿತು; ಈ ಎರಡನೆಯದು ಹೆಸರಿಗೆ ಮಾತ್ರ ಮೇಪಲ್, ಕುಲವೇ ಬೇರೆ. ಭಾರತದಲ್ಲಿ ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ದಡದ ಇಶಾಪುರದಲ್ಲಿ 20ನೇ ಶತಮಾನದ ಮೊದಲ ದಶಕದಿಂದ ಈ ರೈಫಲ್‌ಗಳು ತಯಾರಾದವು. ಇನ್ನೊಂದು ಸಂಗತಿ: ಲೀ ಎನ್‌ಫೀಲ್ಡಿನ ಬುಡ ಬೇರೆ, ಮುಂಭಾಗ ಬೇರೆ. ಸಿಪಾಯಿಯ ತೋಳಿನ ಅಳತೆಗೆ ತಕ್ಕಂತೆ ಬುಡದಲ್ಲಿ ಗಿಡ್ಡ, ಸಾಮಾನ್ಯ, ಉದ್ದ ಎಂಬ ಅಳತೆಗಳಿದ್ದವು. ಹಾಗಾಗಿ ಎರಡು ಭಾಗಗಳ ಬಣ್ಣ, ಎಳೆ ಹೊಂದದಿದ್ದರೆ ಅದನ್ನು ದೋಷವೆನ್ನುವಂತಿಲ್ಲ. ಮೌಸರಿನಂಥ ಏಕಮರದ ಸ್ಟಾಕಿನಲ್ಲಿ ಮಾತ್ರ ಹಾಗೆ ಕಂಡರೆ ಮರ ಮುರಿದು ಜೋಡಿಸಿರಬಹುದೆಂದು ಶಂಕಿಸಬೇಕು.

ಬೆಲೆ ಕಟ್ಟುವ ಮೊದಲು

ಬೇಟೆಯ ರೈಫಲ್‌ಗಳ ಮಾತು ಬೇರೆ. ಅಲ್ಲಿ ಗಿರಾಕಿಯೇ ಮರ ಆರಿಸುತ್ತಿದ್ದ. ಲಂಡನ್ನಿನ ಹೆಸರಾಂತ ತಯಾರಕರು ಫ್ರಾನ್ಸಿನ, ಕಾಕಸಸ್ ಸೀಮೆಯ ಚಿತ್ತಾರದ ಅಕ್ರೋಟನ್ನು ತರಿಸಿಡುತ್ತಿದ್ದರು. ಅಮೆರಿಕದ ವಿಂಚೆಸ್ಟರ್ ಕಂಪೆನಿಯ ಬೆಲೆಪಟ್ಟಿಗಳಲ್ಲಿ ಸಾದಾ ಅಕ್ರೋಟಿಗೆ ಒಂದು ದರ, ‘ಫ್ಯಾನ್ಸಿ’ ಅಕ್ರೋಟಿಗೆ ಹೆಚ್ಚಿನ ದರ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಕ್ಕೆ ಬಂದ ಬೆಂಗಳೂರಿನ ಬೇಟೆಗಾರ ಕೆನೆತ್ ಆ್ಯಂಡರ್ಸನ್ನರ ಕಥೆಗಳನ್ನು ನೀವು ಓದಿದ್ದರೆ ಅವರ .405 ವಿಂಚೆಸ್ಟರ್ ನೆನಪಾದೀತು. ಅದು ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ 1895ರ ಮಾದರಿ. ಆ ಮಾದರಿಗೆ ಸಾಮಾನ್ಯವಾಗಿ ಬರುತ್ತಿದ್ದುದು ಸಾದಾ ಕಪ್ಪು ಅಕ್ರೋಟು. ಕಾಡಿನಲ್ಲಿ ನರಭಕ್ಷಕನ ಎದುರು ನಿಂತವನಿಗೆ ಮರದ ಗರಿಗಿಂತ ಕತ್ತಿನ ಗಟ್ಟಿತನ ಮುಖ್ಯ.

ಇಂದು ವ್ಯಾಪಾರಿಗಳು ಚಿತ್ತಾರಕ್ಕೆ ‘ಫ್ಯಾನ್ಸಿ’, ‘ಎಕ್ಸ್‌ಟ್ರಾ ಫ್ಯಾನ್ಸಿ’, ‘ಎಕ್ಸಿಬಿಷನ್’ ಎಂದೆಲ್ಲ ದರ್ಜೆ ಹೇಳುತ್ತಾರೆ. ಎಲ್ಲರೂ ಒಪ್ಪಿದ ಅಳತೆಗೋಲು ಇದಕ್ಕಿಲ್ಲ. ಒಬ್ಬನ ಫ್ಯಾನ್ಸಿ ಇನ್ನೊಬ್ಬನಿಗೆ ಸಾದಾ. ಆದ್ದರಿಂದ ದರ್ಜೆಯ ಹೆಸರನ್ನು ಬದಿಗಿಟ್ಟು ಈ ಐದು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ.

ಮೊದಲನೆಯದು: ಕತ್ತಿನಲ್ಲಿ ನಾರು ಹೇಗೆ ಸಾಗಿದೆ? ನಿಜವಾದ ಕುಶಲಿ ಮರದ ದಿಮ್ಮಿಯನ್ನು ತಿರುತಿರುಗಿಸಿ ನೋಡಿ, ನೇರ ನಾರು ಕತ್ತಿಗೆ, ಚಿತ್ತಾರ ಬುಡಕ್ಕೆ ಬೀಳುವಂತೆ ಗುರುತು ಹಾಕುತ್ತಿದ್ದ. ಕವಲಿನ ಗರಿ ಕತ್ತಿನ ಮೇಲೇ ಬಿದ್ದಿದ್ದರೆ ಅದು ಚೆಲುವಾಗಿರಬಹುದು, ಆದರೆ ಒಳ್ಳೆಯ ಸ್ಟಾಕಲ್ಲ.

ಎರಡನೆಯದು: ಚಿತ್ತಾರ ಮರದ್ದೋ, ಬಣ್ಣದ್ದೋ? ಅಲೆಪಟ್ಟೆಯಾದರೆ ದೀಪ ಸರಿಸಿ ನೋಡಿ. ಒಂದು ಪಕ್ಕದಲ್ಲಿರುವ ಪಟ್ಟೆ ಅಂಚು ದಾಟಿ ಇನ್ನೊಂದು ಪಕ್ಕಕ್ಕೂ ಮುಂದುವರಿಯುತ್ತದೆಯೇ ಎಂದೂ ನೋಡಿ.

ಮೂರನೆಯದು: ಎರಡೂ ಬದಿ ಹೇಗಿದೆ? ಒಂದೇ ಬದಿಗೆ ಚಿತ್ತಾರವಿದ್ದು ಇನ್ನೊಂದು ಬದಿ ಬರಿದಾಗಿದ್ದರೆ ಬೆಲೆ ಇಳಿಯುತ್ತದೆ.

ನಾಲ್ಕನೆಯದು: ಈ ಮರ ಈ ಕೋವಿಗೆ ಸಲ್ಲುತ್ತದೆಯೇ? ಬೀಚ್ ಬರಬೇಕಾದ ವರ್ಷದ ಸೈನ್ಯದ ರೈಫಲ್ಲಿಗೆ ಚಿತ್ತಾರದ ಅಕ್ರೋಟು ಇದ್ದರೆ, ಅದನ್ನು ಅನಂತರ ಯಾರೋ ಬದಲಿಸಿರಬೇಕು. ನೋಟಕ್ಕೆ ಚೆಲುವು ಹೆಚ್ಚಿತು, ಇತಿಹಾಸ ಕಡಿಮೆಯಾಯಿತು.

ಐದನೆಯದು: ಮೂಲ ಮೇಲ್ಮೈ ಉಳಿದಿದೆಯೇ? ಪರೀಕ್ಷಕರು ಒತ್ತಿದ ಮುದ್ರೆ, ಕಾರ್ಖಾನೆಯ ಗುರುತು ಎಲ್ಲವೂ ಮರದ ಮೇಲೆಯೇ ಇರುತ್ತವೆ. ಉಜ್ಜಿದ ಸ್ಟಾಕನ್ನು ಕಂಡುಹಿಡಿಯುವುದು ಕಷ್ಟವಲ್ಲ. ಮರವೂ ಲೋಹವೂ ಸೇರುವಲ್ಲಿ ಬೆರಳಾಡಿಸಬೇಕು. ಮೊದಲು ಮರ ಲೋಹದ ಮಟ್ಟಕ್ಕೋ, ಕೂದಲೆಳೆಯಷ್ಟು ಮೇಲೋ ಇರುತ್ತಿತ್ತು. ಉಜ್ಜಿದ್ದರೆ ಲೋಹದ ಅಂಚು ಬೆರಳಿಗೆ ತಾಗುತ್ತದೆ.

ಕೊಡಗಿನ ಒಂದು ಐನ್‌ಮನೆಯಲ್ಲಿ ಚಿತ್ರೀಕರಣ ನಡೆಸಿದಾಗ ಈ ಐದನೆಯ ಪ್ರಶ್ನೆ ನನಗೆ ಮತ್ತೆ ಎದುರಾಯಿತು. ಕೊಡವರಿಗೆ ಕೋವಿ ಬರಿಯ ಆಯುಧವಲ್ಲ ಎಂಬುದು ನಿಮಗೆ ಗೊತ್ತು. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿ ಅವರಿಗಿದೆ; ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಶುಚಿಮಾಡಿ, ತೋಕ್ ಪೂವಿಟ್ಟು ಪೂಜಿಸುತ್ತಾರೆ. ಅಲ್ಲಿಯ ಹಿರಿಯರೊಬ್ಬರು ತಮ್ಮ ಅಜ್ಜನ ಕೋವಿಯನ್ನು ತಂದು ತೋರಿಸಿದರು. ಕತ್ತಿನ ಭಾಗ ಕರಿಮಸಿಯಂತೆ ಕಪ್ಪಾಗಿತ್ತು. “ಕ್ಯಾಮೆರಾಗೆ ಚೆನ್ನಾಗಿ ಕಾಣಲಿ, ಸ್ವಲ್ಪ ಪಾಲಿಶ್ ಹಾಕಿಸೋಣವೇ ಸಾರ್?” ಎಂದು ಕೇಳಿದವನು ನಮ್ಮ ಸಹಾಯಕ ಹುಡುಗ. ಅವರು ನಕ್ಕರು. “ಅದು ಕೊಳೆಯಲ್ಲಪ್ಪ. ಅಜ್ಜನ ಕೈ, ಅಪ್ಪನ ಕೈ, ನನ್ನ ಕೈ. ಎಣ್ಣೆ ಬಟ್ಟೆಯಿಂದ ಒರೆಸುವುದಷ್ಟೇ ನಮ್ಮ ಕೆಲಸ” ಎಂದರು. ನಾನು ಆ ಹುಡುಗನಿಗೆ ಏನೂ ಹೇಳಲಿಲ್ಲ. ಹೇಳುವ ಹಕ್ಕನ್ನು ಕಾಲೇಜಿನ ದಿನಗಳಲ್ಲೇ ಕಳೆದುಕೊಂಡಿದ್ದೆ.

ಅಲೆನಾರು ಮರ ಬೆಳೆದ ಬಗೆಯನ್ನು ಹೇಳುತ್ತದೆ. ಮರದ ಜಾತಿ ಅದು ಯಾವ ನಾಡಿನ, ಯಾವ ಕೊರತೆಯ ಕಾಲದ ಕೋವಿ ಎಂದು ಹೇಳುತ್ತದೆ. ಮುದ್ರೆ, ಗೀರು, ಬೆವರಿನ ಕಪ್ಪು ಅದು ಯಾರ ಕೈ ದಾಟಿ ಬಂತೆಂದು ಹೇಳುತ್ತವೆ. ಮೊದಲನೆಯದನ್ನು ಹೊಳೆಯಿಸಲು ಹೋಗಿ ಮೂರನೆಯದನ್ನು ಅಳಿಸಿದವನು ನಾನು. ಆ ರೈಫಲ್ ಇಶಾಪುರದ್ದೋ, ಲಿತ್‌ಗೋದ್ದೋ, ಇಂಗ್ಲೆಂಡಿನದೋ ಎಂದು ತಿಳಿಸಬಹುದಾಗಿದ್ದ ಅಕ್ಷರಗಳು ಮರದ ಪುಡಿಯಾಗಿ ಶಿಬಿರದ ಮಣ್ಣಿಗೆ ಬಿದ್ದವು. ಆ ಮರ ಬರ್ಚೋ, ಅಕ್ರೋಟೋ ಎಂದು ನೋಡಲು ಕೂಡ ಆಗ ನನಗೆ ಬರುತ್ತಿರಲಿಲ್ಲ.

ನೀವೇ ಮಾಡಿ ನೋಡಿ

ಇದನ್ನು ಕಲಿಯಲು ಕೋವಿ ಬೇಕಾಗಿಲ್ಲ. ಕೋವಿಯನ್ನು ಹಿರಿಯರಿಲ್ಲದೆ ಮುಟ್ಟಲೂ ಬೇಡಿ. ಹಳೆಯದಾದರೂ ಅದರಲ್ಲಿ ಗುಂಡಿದೆ ಎಂದೇ ತಿಳಿಯಬೇಕು. ಒಂದು ಟಾರ್ಚು, ಒಂದು ಭೂತಗನ್ನಡಿ ಸಾಕು. ಮನೆಯ ಬಾಗಿಲು, ಅಜ್ಜಿಯ ಪೆಟ್ಟಿಗೆ, ಶಾಲೆಯ ಮೇಜು, ಪಿಟೀಲಿನ ಬೆನ್ನು, ಕ್ರಿಕೆಟ್ ಬ್ಯಾಟು ಇವುಗಳ ಮೇಲೆ ಬೆಳಕನ್ನು ಓರೆಯಾಗಿ ಬಿಟ್ಟು ನಿಧಾನವಾಗಿ ಸರಿಸಿ. ಯಾವ ಗೆರೆ ಕದಲುತ್ತದೆ, ಯಾವುದು ಕದಲದು, ರಂಧ್ರಗಳು ಹೇಗಿವೆ ಎಂದು ಬರೆದುಕೊಳ್ಳಿ. ಬೆಂಗಳೂರಿನ ಸಮೀಪದವರು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಬಗ್ಗೆ ನಿಮ್ಮ ಅಧ್ಯಾಪಕರನ್ನು ಕೇಳಿ. ಮರಗಳ ಗುರುತಿಸುವಿಕೆ ಅಲ್ಲಿಯ ಅಧ್ಯಯನದ ವಿಷಯಗಳಲ್ಲೊಂದು.

ಯಾವ ಹಳೆಯ ಮರದ ವಸ್ತು ಕೈಗೆ ಬಂದರೂ ಮರಳುಕಾಗದ ಹುಡುಕುವ ಮೊದಲು ಅದರ ಮೇಲೆ ಏನಾದರೂ ಬರೆದಿದೆಯೇ ಎಂದು ಓದಿ.